ನಾದವೂ ಎಣಿಕೆಯೂ

೧

ಗೀತ, ವಾದ್ಯ, ನೃತ್ತ—ಈ ಮೂರೂ ಕೂಡಿದುದೇ ಸಂಗೀತವೆಂದು ಶಾರ್ಙ್ಗದೇವನು ತನ್ನ 'ಸಂಗೀತ ರತ್ನಾಕರ'ದಲ್ಲಿ ಲಕ್ಷಣವನ್ನು ಹೇಳಿರುವನು; ವಾದ್ಯವು ಗೀತವನ್ನು ಅನುಸರಿಸತಕ್ಕುದೆಂದು ಅದರ ಸ್ಥಾನವನ್ನೂ ಅಲ್ಲಿಯೇ ಗೊತ್ತುಮಾಡಿರುವನು. ಶಾಸ್ತ್ರದಲ್ಲಿ ಎರಡನೆಯ ಸ್ಥಾನವನ್ನು ಪಡೆದ ವಾದ್ಯವು ಪ್ರಯೋಗದಲ್ಲಿ ಎಷ್ಟೋ ವೇಳೆ ಮೊದಲನೆಯದಾಗಿ ನಿಂತಿತೆಂಬುದನ್ನು ವೀಣೆ ಶೇಷಣ್ಣನವರು (೧೮೫೨–೧೯೨೬) ಬಾಳಿದ ನಾಡಿನವರಿಗೆ ಯಾರೂ ಹೊಸದಾಗಿ ಹೇಳಬೇಕಾಗಿಲ್ಲ. ಆದರೆ ಜೀವನೋಪಾಯದ ವಿಷಯಕ್ಕೆ ಬಂದರೆ ಶಾರ್ಙ್ಗದೇವನ ಕ್ರಮವೇ ಇಂದಿಗೂ ನಡೆದಿರುವಂತೆ ತೋರುತ್ತದೆ. ಹಾಡುಗಾರನಿಗೆ ಮಾತಿನ ಬೆಂಬಲವುಂಟು. ಸಾಹಿತ್ಯದ ಒಂದು ಸಾಲು ಕೇಳಿದವರ ಬಾಯಲ್ಲಿ ನಿಂತುಬಿಡುತ್ತದೆ. ಆ ಸಾಲಿನ ಜೊತೆಯಲ್ಲಿ ಹಾಡಿದವನ ಹೆಸರೂ ಉಳಿಯುತ್ತದೆ. ಮಾತಿಲ್ಲದ ನಾದಕ್ಕೆ ಈ ಅನುಕೂಲವಿಲ್ಲ. ಅದು ಕಿವಿಗೆ ಇಂಪಾಗಿ, ಮನಸ್ಸಿಗೆ ಹಿತವಾಗಿ, ಕಡೆಗೆ ನುಡಿಸಿದವನಾರೆಂಬ ಗುರುತನ್ನೇ ಉಳಿಸದೆ ಹೋಗಬಹುದು.

ಈ ಹಳೆಯ ಸಂಗತಿಯು ಈಚಿನ ವರ್ಷಗಳಲ್ಲಿ ಹೊಸದೊಂದು ಕಷ್ಟವಾಗಿ ಪರಿಣಮಿಸಿದೆ. ಸಂಗೀತದ ತಟ್ಟೆಯನ್ನು ಕೊಂಡು ಮನೆಯಲ್ಲಿಟ್ಟುಕೊಳ್ಳುವ ಬದಲು, ತಿಂಗಳ ಚಂದಾ ತೆತ್ತೋ ಜಾಹೀರಾತುಗಳನ್ನು ಸಹಿಸಿಯೋ ಫೋನಿನ ಮೂಲಕ ಬೇಕಾದುದನ್ನು ಬೇಕಾದಾಗ ಕೇಳುವ 'ಸ್ಟ್ರೀಮಿಂಗ್' ಪದ್ಧತಿಯು ಲೋಕದ ಬಹುಭಾಗವನ್ನು ವ್ಯಾಪಿಸಿದೆ. ಸ್ವೀಡನ್ನಿನ ಸ್ಪಾಟಿಫೈ ಸಂಸ್ಥೆಯು ಈ ಸೇವೆಯನ್ನು ೨೦೦೮ರಲ್ಲಿ ತೆರೆಯಿತು. ೨೦೧೯ರಲ್ಲಿ ಭಾರತಕ್ಕೂ ತಂದಿತು. ದೊಡ್ಡ ಕಂಪನಿಯ ಆಶ್ರಯವಿಲ್ಲದೆ, ತನ್ನ ಧ್ವನಿಮುದ್ರಣವನ್ನು ತಾನೇ ಮಾಡಿಸಿ ತಾನೇ ಹೊರಡಿಸುವ ವಾದ್ಯಕಾರನು ಇದರಿಂದ ಬದುಕಬಲ್ಲನೆ? ಬದುಕಿದರೆ, ಆ ಬದುಕಿಗಾಗಿ ಅವನ ಸಂಗೀತವು ಯಾವ ರೂಪವನ್ನು ತಾಳಬೇಕಾದೀತು? ಅಮೆರಿಕದ ಲೇಖಕಿ ಲಿಜ್ ಪೆಲ್ಲಿಯವರು ೨೦೨೫ರ ಜನವರಿಯಲ್ಲಿ ಪ್ರಕಟಿಸಿದ 'ಮೂಡ್ ಮಷೀನ್' ಎಂಬ ಗ್ರಂಥವು ಈ ಪ್ರಶ್ನೆಗಳನ್ನು ಎತ್ತಿಕೊಂಡಿದೆ. ಆ ಗ್ರಂಥದ ಕ್ಷೇತ್ರವು ಮುಖ್ಯವಾಗಿ ಅಮೆರಿಕ ಮತ್ತು ಯೂರೋಪು. ಅದರ ವಾದವನ್ನು ಮುಂದಿಟ್ಟುಕೊಂಡು ನಮ್ಮ ವೈಣಿಕರ, ಪಿಟೀಲು ಮತ್ತು ಕೊಳಲು ವಿದ್ವಾಂಸರ ಕಡೆಯಿಂದ ವಿಚಾರಮಾಡುವುದು ಪ್ರಕೃತ ಲೇಖನದ ಉದ್ದೇಶ.

೨

ಗುಣದೋಷಗಳನ್ನು ಹೇಳುವುದಕ್ಕೆ ಮೊದಲು ಹಣವು ಬರುವ ದಾರಿಯನ್ನು ತಿಳಿದುಕೊಳ್ಳಬೇಕು. ಸ್ವತಂತ್ರ ವಾದ್ಯಕಾರನು ಸಾಮಾನ್ಯವಾಗಿ ತನ್ನ ಮುದ್ರಣವನ್ನು ಇಂಥ ಸೇವೆಗಳಿಗೆ ನೇರಾಗಿ ಒಪ್ಪಿಸಲಾರನು. ನಡುವೆ ವಿತರಕನೊಬ್ಬನು ಬೇಕು. ೧೯೯೮ರಲ್ಲಿ ಆರಂಭವಾದ ಸಿಡಿ ಬೇಬಿ ಎಂಬ ಸಂಸ್ಥೆಯು ಬಂದ ಹಣದಲ್ಲಿ ನೂರಕ್ಕೆ ೯ರಷ್ಟನ್ನು ಹಿಡಿದುಕೊಳ್ಳುತ್ತದೆ; ಡಿಸ್ಟ್ರೋಕಿಡ್ ಎಂಬುದು ವರ್ಷಕ್ಕಿಷ್ಟೆಂದು ಶುಲ್ಕವನ್ನು ತೆಗೆದುಕೊಳ್ಳುತ್ತದೆ. ಇದು ದೊಡ್ಡ ಹೊರೆಯಲ್ಲ. ತೊಡಕಿರುವುದು ಅದರ ಮುಂದಿನ ಲೆಕ್ಕದಲ್ಲಿ.

ಸಂಸ್ಥೆಗೆ ಬಂದ ಆದಾಯದಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಹಕ್ಕುದಾರರಿಗೆ ಸಲ್ಲುತ್ತದೆಂದು ಸ್ಪಾಟಿಫೈನವರು ಹೇಳುತ್ತಾರೆ. ಕೇಳುವುದಕ್ಕೆ ಇದು ಉದಾರವಾಗಿಯೇ ಇದೆ. ಆದರೆ ಈ ಹಣವೆಲ್ಲವೂ ಒಂದೇ ರಾಶಿಗೆ ಬಿದ್ದು, ಅಲ್ಲಿಂದ ಕೇಳ್ವಿಗಳ ಪ್ರಮಾಣದಂತೆ ಹಂಚಿಕೆಯಾಗುತ್ತದೆ. ಕೇಳ್ವಿಯೆಂದರೆ ಒಂದು ಮುದ್ರಣವನ್ನು ಒಂದು ಸಾರಿ ಹಾಕಿ ಕೇಳಿದುದೆಂದು ಇಲ್ಲಿ ಇಟ್ಟುಕೊಳ್ಳೋಣ. ಒಂದು ಉದಾಹರಣೆಯಿಂದ ಇದು ಸ್ಪಷ್ಟವಾಗುವುದು. ಇಬ್ಬರು ಚಂದಾದಾರರು ತಲಾ ೧೦೦ ರೂಪಾಯಿ ತೆತ್ತರೆನ್ನೋಣ. ಹಂಚತಕ್ಕ ಹಣ ೧೪೦ ರೂಪಾಯಿಯೆನ್ನೋಣ. ಮೊದಲನೆಯವನು ತಿಂಗಳಲ್ಲಿ ಒಬ್ಬ ವೈಣಿಕನನ್ನು ೧೦ ಸಾರಿ ಮನಸ್ಸಿಟ್ಟು ಕೇಳಿದನು. ಬೇರೆ ಯಾರನ್ನೂ ಕೇಳಲಿಲ್ಲ. ಎರಡನೆಯವನು ಅಂಗಡಿಯಲ್ಲಿ ಬೆಳಗಿನಿಂದ ರಾತ್ರಿಯವರೆಗೆ ಫೋನನ್ನು ಹಾಡಲು ಬಿಟ್ಟು ೯೯೦ ಕೇಳ್ವಿಗಳನ್ನು ಕೂಡಿಸಿದನು. ಒಟ್ಟು ೧೦೦೦ ಕೇಳ್ವಿಗಳಲ್ಲಿ ವೈಣಿಕನ ಪಾಲು ೧೦. ಅವನಿಗೆ ದೊರೆಯತಕ್ಕದ್ದು ೧ ರೂಪಾಯಿ ೪೦ ಪೈಸೆ. ರಸಿಕನು ಕೊಟ್ಟ ಹಣದಲ್ಲಿ ಉಳಿದ ೬೮ ರೂಪಾಯಿ ೬೦ ಪೈಸೆಯು ಅವನು ಎಂದೂ ಕೇಳದವರಿಗೆ ಸಂದುಹೋಯಿತು. ಒಬ್ಬೊಬ್ಬನ ಚಂದಾವು ಅವನು ಕೇಳಿದವರಿಗೇ ಸಲ್ಲಲೆಂಬ ಬೇರೊಂದು ಕ್ರಮವೂ ಉಂಟು. ಸೌಂಡ್‌ಕ್ಲೌಡ್ ಸಂಸ್ಥೆಯು ೨೦೨೧ರಲ್ಲಿ ಸ್ವತಂತ್ರ ಕಲಾವಿದರ ಮಟ್ಟಿಗೆ ಅದನ್ನು ಆಚರಣೆಗೆ ತಂದಿತು. ಆ ಲೆಕ್ಕದಲ್ಲಾಗಿದ್ದರೆ ನಮ್ಮ ವೈಣಿಕನಿಗೆ ೭೦ ರೂಪಾಯಿ ಬರುತ್ತಿತ್ತು. ದೊಡ್ಡ ಸೇವೆಗಳು ಬಹುಮಟ್ಟಿಗೆ ರಾಶಿಯ ಕ್ರಮವನ್ನೇ ನೆಚ್ಚಿಕೊಂಡಿವೆ.

ಹೀಗಿರುವುದರಿಂದ ಒಂದು ಕೇಳ್ವಿಗೆ ಇಷ್ಟೆಂಬ ಗೊತ್ತಾದ ದರವಿಲ್ಲ. ಆಪಲ್ ಸಂಸ್ಥೆಯು ತಾನು ಸರಾಸರಿ ಒಂದು ಸೆಂಟನ್ನು ಕೊಡುವುದಾಗಿ ೨೦೨೧ರಲ್ಲಿ ಕಲಾವಿದರಿಗೆ ತಿಳಿಸಿತು. ಅದರಲ್ಲಿಯೂ ಮುದ್ರಣದ ಒಡೆಯನ ಪಾಲು, ರಚಕನ ಪಾಲು ಎಲ್ಲವೂ ಸೇರಿವೆ. ಭಾರತದಲ್ಲಿ ಕೇಳಿದ ಕೇಳ್ವಿಯ ಬೆಲೆ ಇನ್ನೂ ಕಡಮೆ. ಸ್ಪಾಟಿಫೈ ಇಲ್ಲಿಗೆ ಬಂದಾಗ ತಿಂಗಳ ಚಂದಾ ೧೧೯ ರೂಪಾಯಿ; ಅದೇ ಕಾಲದಲ್ಲಿ ಅಮೆರಿಕದಲ್ಲಿ ಸುಮಾರು ೧೦ ಡಾಲರು. ರಾಶಿಯೇ ಚಿಕ್ಕದಾದಾಗ ಪಾಲು ಚಿಕ್ಕದಾಗುವುದು ಸಹಜ. ಇದರ ಮೇಲೆ ೨೦೨೪ರಿಂದ ಸ್ಪಾಟಿಫೈನಲ್ಲಿ ಮತ್ತೊಂದು ನಿಯಮವುಂಟು: ಹಿಂದಣ ೧೨ ತಿಂಗಳಲ್ಲಿ ೧೦೦೦ ಕೇಳ್ವಿಗಳನ್ನು ಮುಟ್ಟದ ಮುದ್ರಣಕ್ಕೆ ಮುದ್ರಣದ ಪಾಲಿನ ಹಣವೇ ಇಲ್ಲ. ಅಪೂರ್ವರಾಗಗಳನ್ನು ಒಂದೊಂದಾಗಿ ನುಡಿಸಿ ಸಂಗ್ರಹಿಸಿಟ್ಟ ವಿದ್ವಾಂಸನೊಬ್ಬನಲ್ಲಿ ಇಂಥ ೪೦ ಮುದ್ರಣಗಳಿದ್ದು, ಒಂದೊಂದನ್ನೂ ವರ್ಷದಲ್ಲಿ ೯೦೦ ಸಾರಿ ಜನ ಕೇಳಿದರೂ, ೩೬,೦೦೦ ಕೇಳ್ವಿಗಳ ಫಲವು ಅವನಿಗೆ ಸೊನ್ನೆ.

೩

ಇಷ್ಟರವರೆಗೆ ಹೇಳಿದುದು ಹಾಡುಗಾರನಿಗೂ ವಾದ್ಯಕಾರನಿಗೂ ಸಮಾನ. ವಾದ್ಯಕಾರನನ್ನು ವಿಶೇಷವಾಗಿ ತಟ್ಟುವುದು ಎಣಿಕೆಯ ಮಾನ. ಕೇಳುವವನು ೩೦ ಸೆಕೆಂಡು ಕೇಳಿದರೆ ಒಂದು ಕೇಳ್ವಿ ಪೂರ್ಣವಾಯಿತು. ಅಲ್ಲಿಂದ ಮುಂದೆ ಅವನು ಒಂದು ನಿಮಿಷ ಕೇಳಲಿ, ಒಂದು ಗಂಟೆ ಕೇಳಲಿ, ಲೆಕ್ಕದಲ್ಲಿ ಅದು ಒಂದೇ. ಸರೋದ್ ವಾದಕನೊಬ್ಬನು ಆಲಾಪ, ಜೋಡ್, ಝಾಲಾ, ಗತ್ತುಗಳ ಕ್ರಮದಿಂದ ಒಂದು ರಾಗವನ್ನು ೬೦ ನಿಮಿಷ ವಿಸ್ತರಿಸಿದರೆ ಅವನಿಗೆ ಒಂದು ಕೇಳ್ವಿ. ಬೇರೊಬ್ಬನು ಅದೇ ೬೦ ನಿಮಿಷವನ್ನು ಎರಡೆರಡು ನಿಮಿಷದ ತುಣುಕುಗಳಿಂದ ತುಂಬಿದರೆ ಅವನಿಗೆ ೩೦ ಕೇಳ್ವಿ. ಮಳೆಯ ಸದ್ದು, ಬೀಸಣಿಗೆಯ ಸದ್ದು ಮೊದಲಾದುವನ್ನು ತುಂಡುತುಂಡಾಗಿ ಕತ್ತರಿಸಿ ಹಣ ಮಾಡುವವರು ಹೆಚ್ಚಿದುದರಿಂದ, ಅಂಥ ಸದ್ದುಗಳು ಎರಡು ನಿಮಿಷಕ್ಕೆ ಕಡಮೆಯಿರಕೂಡದೆಂದೂ, ಅವುಗಳ ಬೆಲೆ ಸಂಗೀತದ ಬೆಲೆಯ ಒಂದಂಶ ಮಾತ್ರವೆಂದೂ ೨೦೨೪ರಲ್ಲಿ ಗೊತ್ತುಮಾಡಬೇಕಾಯಿತು. ಮಳೆಗೂ ಮೃದಂಗಕ್ಕೂ ಭೇದವನ್ನು ಕಾಣುವುದಕ್ಕೆ ಆ ಎಣಿಕೆಗೆ ಅಷ್ಟು ಕಾಲ ಹಿಡಿಯಿತು.

ಸಂಗೀತವು ತನ್ನನ್ನು ಹೊರುವ ಪಾತ್ರೆಗೆ ತಕ್ಕಂತೆ ರೂಪವನ್ನು ಬದಲಿಸಿಕೊಳ್ಳುವುದು ಹೊಸ ಸಂಗತಿಯಲ್ಲವೆಂದು ವಾಚಕರು ಹೇಳಬಹುದು. ಅದು ನಿಜ, ಆ ಬದಲಾವಣೆಗಳೆಲ್ಲ ಕೇಡೆಂದೂ ಹೇಳಲಾಗದು. ಹಿಂದಿನ ಸಾಲಿನವರಿಗೂ ನಾದವು ಮುಟ್ಟಲೆಂದು ಚೌಡಯ್ಯನವರು (೧೮೯೫–೧೯೬೭) ನಾಲ್ಕು ತಂತಿಯ ಪಿಟೀಲನ್ನು ಏಳು ತಂತಿಯದನ್ನಾಗಿ ಮಾಡಿದರು. ಧ್ವನಿವರ್ಧಕವಿಲ್ಲದ ಸಭೆಯೇ ಆ ವಾದ್ಯವನ್ನು ಹುಟ್ಟಿಸಿತೆನ್ನಬಹುದು. ೧೯೦೨ರ ನವೆಂಬರಿನಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಅವರು ಗ್ರಾಮಫೋನು ಕಂಪನಿಗೆ ಹಾಡಿದಾಗ, ಗಂಟೆಗಟ್ಟಲೆ ಹಾಡಿ ರೂಢಿಯಾಗಿದ್ದ ಅವರು ರಾಗವನ್ನು ಸುಮಾರು ಮೂರು ನಿಮಿಷದೊಳಗೆ ಅಡಕಮಾಡಬೇಕಾಯಿತು. ತಟ್ಟೆಯಲ್ಲಿ ಅದಕ್ಕಿಂತ ಹೆಚ್ಚಿಗೆ ಎಡೆಯಿರಲಿಲ್ಲ. ಆ ಇಕ್ಕಟ್ಟಿನಲ್ಲಿಯೇ ರಾಗದ ಮುಖವನ್ನು ಕ್ಷಣಮಾತ್ರದಲ್ಲಿ ತೋರುವ ಒಂದು ಕುಶಲತೆಯೂ ಬೆಳೆಯಿತು. ಮುಂದೆ ೧೯೪೮ರಲ್ಲಿ ದೀರ್ಘಕಾಲ ನುಡಿಯುವ ತಟ್ಟೆ ಬಂದಿತು. ೧೯೫೫ರಲ್ಲಿ ಅಲಿ ಅಕ್ಬರ್ ಖಾನರ ಸರೋದ್ ವಾದನವು ಅಂಥ ತಟ್ಟೆಯಲ್ಲಿ, ಒಂದು ಮಗ್ಗುಲಿಗೆ ಒಂದು ರಾಗದಂತೆ, ಅಮೆರಿಕದಲ್ಲಿ ಪ್ರಕಟವಾಯಿತು. ಮೂರು ನಿಮಿಷಕ್ಕೆ ಸಿಕ್ಕಿಕೊಂಡಿದ್ದ ರಾಗಕ್ಕೆ ಇಪ್ಪತ್ತು ನಿಮಿಷದ ಬಯಲು ದೊರೆಯಿತು. ಅದರ ಫಲವನ್ನು ಮುಖ್ಯವಾಗಿ ಉಂಡವರು ವಾದ್ಯಕಾರರೇ. ಮಾತು ತಿಳಿಯದ ದೇಶಗಳಲ್ಲಿ ನಾದವೊಂದೇ ನಡೆದುಹೋಗಬಲ್ಲುದಷ್ಟೆ.

ಈಗಿನ ಪಾತ್ರೆಗೆ ಅಂಚೇ ಇಲ್ಲ. ಎಂಟು ಗಂಟೆಯ ಕಚೇರಿಯನ್ನಾದರೂ ಅದರೊಳಗೆ ಇಡಬಹುದು. ಪಾತ್ರೆಯು ಹೇರದ ಮಿತಿಯನ್ನು ಈಗ ಕೂಲಿಯು ಹೇರುತ್ತಿದೆ. ಇದೇ ನಮ್ಮ ಮುಖ್ಯವಾದ ಆಕ್ಷೇಪಣೆ. ತಟ್ಟೆಯ ಮಿತಿಯು ಕಣ್ಣಿಗೆ ಕಾಣುವಂಥದು. ಮುಳ್ಳು ಅಂಚನ್ನು ಮುಟ್ಟಿದಾಗ ರಾಗವು ಅರ್ಧದಲ್ಲಿಯೇ ನಿಂತಿತೆಂದು ಕೇಳಿದವನಿಗೂ ತಿಳಿಯುತ್ತಿತ್ತು. ಪೂರ್ತಿ ಕೇಳಬೇಕಾದರೆ ಕಚೇರಿಗೆ ಹೋಗಬೇಕೆಂದೂ ತಿಳಿಯುತ್ತಿತ್ತು. ಕೂಲಿಯ ಮಿತಿಯು ಕಾಣದು. ಯಾರೂ ವಾದ್ಯಕಾರನ ಕೈ ಹಿಡಿಯುವುದಿಲ್ಲ. ವಿಳಂಬಕಾಲದಲ್ಲಿ ನುಡಿಸಬೇಡವೆಂದು ಯಾರೂ ಹೇಳುವುದಿಲ್ಲ. ನುಡಿಸಿದರೆ ತಿಂಗಳ ಕೊನೆಯಲ್ಲಿ ಏನೂ ಬರುವುದಿಲ್ಲ, ಅಷ್ಟೆ. ಹೀಗೆ ರೂಪವು ಸೊರಗಿದಾಗ ಅದು ಕಲಾವಿದನ ರುಚಿಯಿಂದಲೇ ಆದ ಬದಲಾವಣೆಯೆಂದು ಮುಂದಿನವರು ತಿಳಿಯಬಹುದು.

ರಾಗ, ತಾನ, ಪಲ್ಲವಿ ಎಂಬ ಭಾಗಗಳು ಇದ್ದೇ ಇವೆಯಲ್ಲ, ಒಂದೊಂದನ್ನೂ ಬೇರೆ ಮುದ್ರಣವಾಗಿ ಹೊರಡಿಸಬಾರದೇಕೆ ಎಂದು ಕೇಳುವವರುಂಟು. ಪಾಶ್ಚಾತ್ಯರ ಸೊನಾಟ, ಸಿಂಫನಿಗಳು ಹೀಗೆ ಭಾಗಭಾಗವಾಗಿಯೇ ಪ್ರಕಟವಾಗುತ್ತಿವೆ. ಅಲ್ಲಿ ಭಾಗಗಳ ನಡುವೆ ನಿಲುಗಡೆಯನ್ನು ರಚಕನೇ ಇಟ್ಟಿರುವನು. ನಮ್ಮಲ್ಲಿಯೂ ತಾನ ಮುಗಿದು ಪಲ್ಲವಿ ಎತ್ತಿಕೊಳ್ಳುವ ಕಡೆ ಅಂಥ ಎಡೆಯುಂಟು. ಅಲ್ಲಿ ಕತ್ತರಿಸಿದರೆ ದೋಷವಿಲ್ಲ. ಆದರೆ ಆಲಾಪನೆಯೊಳಗೆ ಕೀಲಿಲ್ಲ. ಮಂದ್ರದ ಷಡ್ಜದಲ್ಲಿ ನಿಂತ ನಿಲುವಿಗೆ ಅರ್ಥ ಬರುವುದು ಅರ್ಧ ಗಂಟೆಯ ಮೇಲೆ ತಾರಸ್ಥಾಯಿಯನ್ನು ಮುಟ್ಟಿದಾಗ. ಅದನ್ನು ಎರಡೆರಡು ನಿಮಿಷಕ್ಕೆ ಕತ್ತರಿಸುವುದೆಂದರೆ ಮರವನ್ನು ನೆರಳಿಗಾಗಿ ತುಂಡುಮಾಡಿದಂತೆ.

೪

ಪೆಲ್ಲಿಯವರ ಗ್ರಂಥವು ಎತ್ತಿ ತೋರಿಸುವ ದೋಷವು ಇದಕ್ಕೆ ಹತ್ತಿರದ್ದು. ಆದರೆ ಅವರ ದೃಷ್ಟಿ ರೂಪಕ್ಕಿಂತ ಹೆಚ್ಚಾಗಿ ಹೆಸರಿನ ಮೇಲಿದೆ. ಓದುವಾಗ, ನಿದ್ರಿಸುವಾಗ, ಕಚೇರಿಯ ಕೆಲಸ ಮಾಡುವಾಗ ಹಿನ್ನೆಲೆಯಲ್ಲಿ ಹಾಕಿಕೊಳ್ಳಲು ಒದಗುವ ಪಟ್ಟಿಗಳು ಈ ಸೇವೆಗಳಲ್ಲಿ ಹೇರಳವಾಗಿವೆ. ಅವುಗಳನ್ನು ತುಂಬುವುದು ಬಹುಮಟ್ಟಿಗೆ ವಾದ್ಯಸಂಗೀತ: ಮೆಲ್ಲನೆಯ ಪಿಯಾನೊ, ಮಂದವಾದ ಗಿಟಾರು, ತಗ್ಗಿದ ದನಿಯ ಜಾಸ್. ಇಂಥ ಪಟ್ಟಿಗಳಿಗಾಗಿ ಕಡಮೆ ದರಕ್ಕೆ ಸಿಕ್ಕುವ ಸಂಗೀತವನ್ನು ಕೆಲವು ಕಂಪನಿಗಳಿಂದ ಪಡೆಯುವ ಏರ್ಪಾಟು ಸ್ಪಾಟಿಫೈನ ಒಳಗೆ 'ಪರ್ಫೆಕ್ಟ್ ಫಿಟ್ ಕಂಟೆಂಟ್' ಎಂಬ ಹೆಸರಿನಿಂದ ನಡೆಯಿತೆಂದು ಲೇಖಕಿಯವರು ಪ್ರತಿಪಾದಿಸುತ್ತಾರೆ. ನುಡಿಸಿದವನಿಗೆ ಒಂದು ಸಾರಿ ಗೊತ್ತಾದ ಹಣ. ಮುದ್ರಣದ ಹಕ್ಕು ಕಂಪನಿಗೆ. ಹೊರಗೆ ಕಾಣುವುದು ಕಲ್ಪಿತವಾದ ಹೆಸರು. ಇನ್ನೂ ಸರಳವಾಗಿ ನುಡಿಸಬೇಕೆಂಬುದೇ ಅಂಥ ಜಾಸ್ ವಾದಕರಿಗೆ ಬರುತ್ತಿದ್ದ ಸಾಮಾನ್ಯವಾದ ಸೂಚನೆಯೆಂದು ಅವರು ಬರೆದಿರುವರು. ತಾವು ಸುಳ್ಳು ಕಲಾವಿದರನ್ನು ಸೃಷ್ಟಿಸಿದುದಿಲ್ಲವೆಂದು ಸಂಸ್ಥೆಯವರು ೨೦೧೭ರಲ್ಲಿಯೇ ಹೇಳಿದ್ದರೆಂಬುದನ್ನೂ ಇಲ್ಲಿ ಹೇಳತಕ್ಕುದು ನ್ಯಾಯ. ಅದು ಹೇಗಾದರಿರಲಿ, ೨೦೨೪ರಲ್ಲಿ ಸ್ವೀಡನ್ನಿನ 'ಡಾಗೆನ್ಸ್ ನ್ಯೂಹೆಟರ್' ಪತ್ರಿಕೆಯು ಯೋಹಾನ್ ರೋರ್ ಎಂಬ ಒಬ್ಬ ಸಂಗೀತಗಾರನು ೬೫೦ಕ್ಕೂ ಹೆಚ್ಚು ಹೆಸರುಗಳಲ್ಲಿ ಮುದ್ರಣಗಳನ್ನು ಹೊರಡಿಸಿ ಸುಮಾರು ೧೫೦೦ ಕೋಟಿ ಕೇಳ್ವಿಗಳನ್ನು ಪಡೆದಿರುವನೆಂದು ಪ್ರಕಟಿಸಿತು. ಲೋಕದಲ್ಲಿ ಅಷ್ಟು ಸಾರಿ ಕೇಳಿಸಿಕೊಂಡವನ ಹೆಸರು ಕೇಳಿದವರಿಗೆ ತಿಳಿಯದು! ಹೆಸರು ಬೇಡವಾದ ಮೇಲೆ ಮನುಷ್ಯನೂ ಬೇಡವಾಗುವನು. ಯಂತ್ರವೇ ಕಲ್ಪಿಸಿದ ಮುದ್ರಣಗಳು ದಿನವೊಂದಕ್ಕೆ ಹತ್ತಾರು ಸಾವಿರ ತಮ್ಮಲ್ಲಿಗೆ ಬರುತ್ತಿವೆಯೆಂದು ಫ್ರಾನ್ಸಿನ ಡೀಸರ್ ಸಂಸ್ಥೆಯು ೨೦೨೫ರಲ್ಲಿ ತಿಳಿಸಿದುದು ಈ ದಾರಿಯ ಮುಂದಿನ ಹೆಜ್ಜೆ.

ಗ್ರಂಥದ ಗುಣವು ಅದರ ಶ್ರಮದಲ್ಲಿದೆ. ಲೇಖಕಿಯವರು ಒಳಗಿನವರನ್ನು ಕಂಡು ವಿಚಾರಿಸಿ, ಲೆಕ್ಕಾಚಾರದ ಮರೆಯಲ್ಲಿದ್ದುದನ್ನು ಹೊರಗೆ ತಂದಿರುವರು. ವಾದ್ಯಕಾರರ ಕಷ್ಟವನ್ನು ಕನಿಕರದ ಮಾತಾಗಿಸದೆ ಕೂಲಿಯ ಪ್ರಶ್ನೆಯಾಗಿ ಎತ್ತಿರುವುದು ಶ್ಲಾಘ್ಯ. ಆದರೆ ಮನಸ್ಸಿಟ್ಟು ಕೇಳುವುದನ್ನೇ ಮೇಲೆಂದು ಹಿಡಿದು, ಹಿನ್ನೆಲೆಯ ಸಂಗೀತವನ್ನು ಕಲೆಯ ಪತನವೆಂದು ಕಾಣುವ ಒಂದು ಒಲವು ಇಂಥ ಬರಹಗಳಲ್ಲಿ ಸಾಮಾನ್ಯವಾಗಿದೆ. ಈ ಗ್ರಂಥವನ್ನು ಓದಿ ಮುಗಿಸಿದವರ ಮನಸ್ಸಿನಲ್ಲಿಯೂ ಅದೇ ಭಾವ ನಿಲ್ಲುವುದು ಸಹಜ. ಅದನ್ನು ನಾವು ಹಾಗೆಯೇ ಒಪ್ಪಲಾರೆವು.

ನಮ್ಮ ಮದುವೆಯ ಮನೆಯ ಓಲಗವನ್ನೇ ನೋಡಬಹುದು. ನಾಗಸ್ವರದವನು ಬೆಳಗಿನ ಜಾವದಿಂದ ನುಡಿಸುತ್ತಾನೆ. ಬೀಗರು ಉಪಚಾರದ ಮಾತಿನಲ್ಲಿರುತ್ತಾರೆ, ಮಕ್ಕಳು ಓಡಾಡುತ್ತಿರುತ್ತವೆ, ಅಡಿಗೆಯವರು ಕೂಗುತ್ತಿರುತ್ತಾರೆ. ಕುಳಿತು ಕೇಳುವವರು ಹತ್ತು ಮಂದಿಯೂ ಇರುವುದಿಲ್ಲ. ಮಾಂಗಲ್ಯಧಾರಣೆಯ ಹೊತ್ತಿಗೆ ಗಟ್ಟಿಮೇಳ ಮೊಳಗಬೇಕಾದುದೂ ಅಮಂಗಳದ ಮಾತೊಂದೂ ಕಿವಿಗೆ ಬೀಳದಿರಲೆಂಬುದಕ್ಕಾಗಿ. ಇದು ಹಿನ್ನೆಲೆಯ ಸಂಗೀತವಲ್ಲದೆ ಮತ್ತೇನು? ಆದರೂ ಓಲಗದವನು ಯಾವ ಊರಿನವನು, ಯಾರ ಮಗ, ಯಾರ ಶಿಷ್ಯ ಎಂಬುದು ಮನೆಯವರಿಗೆ ಗೊತ್ತು. ಅವನಿಗೆ ವೀಳ್ಯ ಕೊಟ್ಟು ಕರೆದಿರುತ್ತಾರೆ. ಇಡೀ ದಿನದ ದುಡಿತಕ್ಕೆ ಸಂಭಾವನೆ ಗೊತ್ತಾಗಿರುತ್ತದೆ. ಕೇಳುವವರಿಲ್ಲದ ಮಧ್ಯಾಹ್ನದಲ್ಲಿ ಅವನು ತೋಡಿಯನ್ನು ಒಂದು ಗಂಟೆ ವಿಸ್ತರಿಸಿದರೂ ಸಂಭಾವನೆಯಲ್ಲಿ ಕಾಸೂ ಕಡಮೆಯಾಗುವುದಿಲ್ಲ. ಎಷ್ಟೋ ಮಂದಿ ವಿದ್ವಾಂಸರು ರಾಗವಿಸ್ತಾರವನ್ನು ಸಾಧಿಸಿದುದು ಹೀಗೆ ಯಾರೂ ಕಿವಿಗೊಡದ ಚಪ್ಪರಗಳಲ್ಲಿ. ಆದುದರಿಂದ ಸಂಗೀತವು ಹಿನ್ನೆಲೆಯಲ್ಲಿರುವುದು ದೋಷವಲ್ಲ. ಹೆಸರನ್ನು ಅಳಿಸುವುದು, ದುಡಿತದ ಕಾಲವನ್ನು ಬಿಟ್ಟು ತುಣುಕುಗಳನ್ನೆಣಿಸುವುದು—ಇವೆರಡು ದೋಷಗಳು.

ಹೆಸರಿನ ವಿಷಯದಲ್ಲಿ ಮತ್ತೊಂದು ಮಾತು. ಹಿಂದೆ ಹೇಳಿದ ಗೌಹರ್ ಜಾನ್ ಅವರು ಹಾಡು ಮುಗಿದೊಡನೆ ತಮ್ಮ ಹೆಸರನ್ನು ತಾವೇ ಗಟ್ಟಿಯಾಗಿ ಹೇಳುತ್ತಿದ್ದರು. ಜರ್ಮನಿಯ ಹಾನೋವರಿನಲ್ಲಿ ತಟ್ಟೆಗಳನ್ನು ಅಚ್ಚುಮಾಡುವವರಿಗೆ ಇದು ಯಾರ ಹಾಡೆಂದು ತಿಳಿಯಲೆಂಬುದು ಅದರ ಉದ್ದೇಶ. ವಾದ್ಯಕಾರನು ತನ್ನ ಹೆಸರನ್ನು ನುಡಿಸಲಾರನು. ಅದನ್ನು ಬೇರೆಯವರು ಬರೆದಿಡಬೇಕು. ಪಕ್ಕವಾದ್ಯದವರ ಸ್ಥಿತಿಯಂತೂ ಇನ್ನೂ ಕಷ್ಟ: ಮುದ್ರಣದ ದಿನ ಮೃದಂಗದವನಿಗೂ ಘಟದವನಿಗೂ ಒಂದಿಷ್ಟು ಹಣ ಕೈಗೆ ಬರುತ್ತದೆ, ಆಮೇಲೆ ಪಟ್ಟಿಯಲ್ಲಿ ಅವರ ಹೆಸರೂ ಇಲ್ಲ, ಲೆಕ್ಕದಲ್ಲಿ ಪಾಲೂ ಇಲ್ಲ. ಅಮೆರಿಕದ ಕಾನೂನಿನಂತೆ, ಕೇಳುವವನು ತಾನೇ ಆರಿಸಿಕೊಳ್ಳದ ಜಾಲರೇಡಿಯೋ ಪ್ರಸಾರದ ಹಣದಲ್ಲಿ ನೂರಕ್ಕೆ ೫ರಷ್ಟನ್ನು ಪಕ್ಕದ ವಾದಕರಿಗೂ ಗಾಯಕರಿಗೂ ಎಂದು ತೆಗೆದಿಡುವರು. ಅಲ್ಪವಾದರೂ ಅದೊಂದು ತತ್ತ್ವದ ಅಂಗೀಕಾರ. ನಮ್ಮಲ್ಲಿ ೨೦೧೨ರ ತಿದ್ದುಪಡಿಯು ಪ್ರದರ್ಶಕರಿಗೆ ವಾಣಿಜ್ಯೋಪಯೋಗದ ಗೌರವಧನದಲ್ಲಿ ಹಕ್ಕನ್ನು ಕೊಟ್ಟಿದೆ. ಆ ಹಕ್ಕು ಪಕ್ಕವಾದ್ಯದವನ ಮನೆಯ ಬಾಗಿಲನ್ನು ಮುಟ್ಟಬೇಕಾದರೆ ಮೊದಲು ಅವನ ಹೆಸರು ಕಾಗದದ ಮೇಲೆ ಬರಬೇಕು.

ಹೆಸರು ಬರೆದಿದ್ದರೂ ಯಂತ್ರವು ಅದನ್ನು ಗುರುತಿಸೀತೆಂಬ ಭರವಸೆಯಿಲ್ಲ. ಇಂಗ್ಲೆಂಡಿನ ಪಿಯಾನೊ ವಾದಕ ಜೇಮ್ಸ್ ರೋಡ್ಸ್ ಅವರು ೨೦೧೮ರಲ್ಲಿ ತಾವೇ ನುಡಿಸಿದ ಬಾಖನ ಕೃತಿಯೊಂದನ್ನು ಫೇಸ್‌ಬುಕ್ಕಿನಲ್ಲಿ ಹಾಕಿದಾಗ ಅದರ ೪೭ ಸೆಕೆಂಡುಗಳ ನಾದವು ದೊಡ್ಡ ಕಂಪನಿಯೊಂದರ ಸ್ವತ್ತೆಂದು ತಡೆಯಾಯಿತು. ಬಾಖನು ತೀರಿಕೊಂಡುದು ೧೭೫೦ರಲ್ಲಿ! ತ್ಯಾಗರಾಜರ ಕೃತಿಗಳನ್ನು ನುಡಿಸುವವರಿಗೂ ಇದೇ ಅಪಾಯ. ಆ ಕೃತಿಗಳು ಎಲ್ಲರ ಸ್ವತ್ತು. ರಚನೆಯ ಪಾಲಿನ ಹಣವೆಂಬುದು ಅಲ್ಲಿಲ್ಲ. ವೈಣಿಕನಿಗೆ ಉಳಿದಿರುವುದು ತನ್ನ ಮುದ್ರಣವೊಂದೇ. ಅದನ್ನು ಇನ್ನೊಬ್ಬರದೆಂದು ಯಂತ್ರವು ಹೇಳಿದರೆ ಅವನಿಗೆ ಏನೂ ಉಳಿಯಲಿಲ್ಲ.

೫

ಹಾಗಾದರೆ ವಾದ್ಯಕಾರನು ಸ್ಟ್ರೀಮಿಂಗನ್ನು ತೊರೆಯಬೇಕೆ? ತೊರೆದರೆ ಕೇಳುವವರಿಗೆ ಅವನು ಇರುವುದೇ ತಿಳಿಯದು. ಅದನ್ನು ಆಹ್ವಾನಪತ್ರಿಕೆಯಂತೆ ಭಾವಿಸುವುದು ಯುಕ್ತ. ಆಹ್ವಾನಪತ್ರಿಕೆಯಿಂದ ಊಟವನ್ನು ಬಯಸಲಾಗದು. ಎಣಿಕೆಗೆ ಸಿಕ್ಕದ ಸಾವಿರ ಕೇಳ್ವಿಗಳಿಗಿಂತ ಹೆಸರು ಬಲ್ಲ ನೂರು ಮಂದಿ ರಸಿಕರು ಅವನ ಬಾಳಿಗೆ ಹೆಚ್ಚಿನ ಆಧಾರ. ೨೦೦೮ರಲ್ಲಿ ಹುಟ್ಟಿದ ಬ್ಯಾಂಡ್‌ಕ್ಯಾಂಪ್ ಎಂಬಲ್ಲಿ ಕೇಳುವವನು ಮುದ್ರಣವನ್ನು ಕೊಳ್ಳುತ್ತಾನೆ. ಸಂಸ್ಥೆಯು ನೂರಕ್ಕೆ ೧೫ರಷ್ಟನ್ನು ಹಿಡಿದು ಉಳಿದುದನ್ನು, ಪಾವತಿಯ ಖರ್ಚು ಕಳೆದು, ಕಲಾವಿದನಿಗೆ ಸಲ್ಲಿಸುತ್ತದೆ. ೨೦೨೦ರ ಮಾರ್ಚಿಯಲ್ಲಿ ಕಚೇರಿಗಳೆಲ್ಲ ನಿಂತಾಗ ಕೆಲವು ಶುಕ್ರವಾರಗಳಲ್ಲಿ ತನ್ನ ಪಾಲನ್ನೂ ಬಿಟ್ಟುಕೊಡುವ ಪದ್ಧತಿಯನ್ನು ಅದು ಆರಂಭಿಸಿತು. ಅಲ್ಲಿ ಒಂದು ಗಂಟೆಯ ರಾಗಕ್ಕೆ ಒಂದು ಗಂಟೆಯ ಬೆಲೆಯನ್ನೇ ಇಡಬಹುದು. ಕ್ಯಾಟಲಿಟಿಕ್ ಸೌಂಡ್ ಎಂಬ ಹೆಸರಿನಲ್ಲಿ ಮನೋ‍ಧರ್ಮದಿಂದ ನುಡಿಸುವ ಕೆಲವರು ವಾದ್ಯಕಾರರು ಸಹಕಾರಸಂಘವನ್ನು ಕಟ್ಟಿಕೊಂಡು ೨೦೨೧ರಿಂದ ತಮ್ಮದೇ ಸ್ಟ್ರೀಮಿಂಗ್ ಸೇವೆಯನ್ನು ನಡೆಸಿರುವುದೂ ಗಮನಾರ್ಹ.

ಧ್ವನಿಮುದ್ರಣವೊಂದೇ ಕಲಾವಿದನನ್ನು ಕಡೆಯವರೆಗೆ ಸಾಕಿದ ಕಾಲವು ಹಿಂದೆಯೂ ಇದ್ದಂತೆ ಕಾಣದು. ಭಾರತದ ಗ್ರಾಮಫೋನಿನ ಮೊದಲ ಕೀರ್ತಿವಂತರಾದ ಗೌಹರ್ ಜಾನ್ ಅವರು ತಮ್ಮ ಕೊನೆಯ ದಿನಗಳನ್ನು ಕಳೆದುದು ಮೈಸೂರಿನಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ. ೧೯೨೮ರಲ್ಲಿ ಆಸ್ಥಾನಕ್ಕೆ ಬಂದು ೧೯೩೦ರ ಜನವರಿಯಲ್ಲಿ ಅಲ್ಲಿಯೇ ತೀರಿಕೊಂಡರು. ಆಸ್ಥಾನಗಳು ಹೋದ ಮೇಲೆ ಆಕಾಶವಾಣಿ ಬಂದಿತು, ೧೯೦೫ರಲ್ಲಿ ಸ್ಥಾಪಿತವಾದ ಬೆಂಗಳೂರು ಗಾಯನ ಸಮಾಜದಂಥ ಸಭೆಗಳು ಕೈಹಿಡಿದುವು, ಶಿಷ್ಯರು ಬಂದರು. ಇಂಗ್ಲಿಷ್ ಸಾಹಿತ್ಯದ ಅಧ್ಯಾಪಕ ವೃತ್ತಿಯನ್ನು ಬಿಟ್ಟು ಸರೋದನ್ನೇ ನಂಬಿದ ಪಂಡಿತ ರಾಜೀವ ತಾರಾನಾಥರು (೧೯೩೨–೨೦೨೪) ಕೆಲವು ವರ್ಷ ಕ್ಯಾಲಿಫೋರ್ನಿಯದಲ್ಲಿ ಪಾಠ ಹೇಳಿದುದನ್ನು ನೆನೆಯಬಹುದು. ಆಶ್ರಯ ಯಾವುದಾದರೂ ಅಲ್ಲಿ ಒಬ್ಬ ಮನುಷ್ಯನು ಇನ್ನೊಬ್ಬನನ್ನು ಹೆಸರು ಹಿಡಿದು ಬಲ್ಲವನಾಗಿದ್ದನು.

ಆದುದರಿಂದ ದೂರದ ಕಂಪನಿಗಳ ಲೆಕ್ಕವನ್ನು ನಾವು ತಿದ್ದಲಾರೆವಾದರೂ, ಜಿಲ್ಲೆಯ ಸಂಘಗಳೂ ಪತ್ರಿಕೆಗಳೂ ಮಾಡಬಹುದಾದ ಕೆಲಸವು ಚಿಕ್ಕದಲ್ಲ. ಕಚೇರಿಯ ವರದಿಯಲ್ಲಿ ವೀಣೆಯವರ ಹೆಸರಿನ ಜೊತೆಗೆ ಮೃದಂಗ, ಘಟ, ಮೋರ್ಚಿಂಗಿನವರ ಹೆಸರುಗಳನ್ನೂ ತಪ್ಪದೆ ಅಚ್ಚುಮಾಡಬಹುದು. ಹೊಸ ಧ್ವನಿಮುದ್ರಣವು ಬಂದಾಗ ಪುಸ್ತಕಕ್ಕೆ ಕೊಡುವಷ್ಟೇ ಗೌರವದಿಂದ ಅದನ್ನು ಪೂರ್ತಿಯಾಗಿ ಕೇಳಿ ವಿಮರ್ಶಿಸಬಹುದು. ಅದನ್ನು ಎಲ್ಲಿ ಕೊಳ್ಳಬಹುದೆಂಬುದನ್ನೂ ವಾಚಕರಿಗೆ ತಿಳಿಸಬಹುದು. ಸಂಘದ ವಾರ್ಷಿಕೋತ್ಸವದಲ್ಲಿ ಭಾಷಣಗಳ ನಡುವಣ ಬಿಡುವನ್ನು ತುಂಬುವುದಕ್ಕಾಗಿ ಕೊಳಲನ್ನು ಕರೆಸುವ ವಾಡಿಕೆಯನ್ನು ಬಿಟ್ಟು, ಅದಕ್ಕೆ ಒಂದು ಸಾಯಂಕಾಲವನ್ನೇ ಮೀಸಲಿಡಬಹುದು. ಎಣಿಸುವ ಕೆಲಸವನ್ನು ಯಂತ್ರವು ನಮಗಿಂತ ಚೆನ್ನಾಗಿ ಮಾಡಬಲ್ಲುದು. ನುಡಿಸಿದವನು ಯಾರೆಂದು ಕೇಳುವ ಕೆಲಸವನ್ನು ರಸಿಕರಾದ ನಾವೇ ಮಾಡಬೇಕು.